ಸವಣೂರಿನ ರಿಬ್ಬನ್ನಿಲ್ಲದ ಪ್ರಿಂಟರ್

"ಅದಕ್ಕ ಸಪೋರ್ಟ್ ಇಲ್ರಿ ಸರ."

ಈ ಒಂದು ಮಾತು ಕೇಳಿದರೆ, ಕೆಲಸ ಬಿಟ್ಟು ಐದಾರು ವರ್ಷವಾದ ಮೇಲೂ ನನಗೆ ಮೈ ಉರಿಯುತ್ತದೆ. ಮನೆಗೆ ಹೊಸ ಕಂಪ್ಯೂಟರ್ ತಂದವರು ಹಳೆಯ ಪ್ರಿಂಟರನ್ನು ಅದಕ್ಕೆ ಜೋಡಿಸಿಕೊಡಿ ಎಂದು ಅಂಗಡಿಗೆ ಹೋಗುತ್ತಾರೆ. ಅಲ್ಲಿ ಕೂತವನು ಹೊಸ ಕಂಪ್ಯೂಟರಿನ ಬೆನ್ನನ್ನು ಬಗ್ಗಿ ನೋಡುತ್ತಾನೆ. ಹಳೆಯ ಪ್ರಿಂಟರಿನ ಅಗಲ ಬಾಯಿಯ ವೈರು ಚುಚ್ಚುವ ಜಾಗ ಅಲ್ಲಿ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಸೊಂಟ ನೆಟ್ಟಗೆ ಮಾಡಿ, ಈ ಮಂತ್ರ ಹೇಳುತ್ತಾನೆ. ಆಮೇಲೆ ಹೊಸ ಪ್ರಿಂಟರಿನ ಡಬ್ಬಿ ತೋರಿಸುತ್ತಾನೆ. ತನಗೆ ಗೊತ್ತಿಲ್ಲ ಎನ್ನಲು ನಾಚಿಕೆ, ಅದಕ್ಕೆ ಯಂತ್ರದ ಮೇಲೆ ಹಾಕುವುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಿ ಎನ್ನುವ ವೈದ್ಯನನ್ನು ಊರು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ, ನಮ್ಮ ವೃತ್ತಿಯಲ್ಲಿ ಮಾತ್ರ ಅಂಥವನಿಗೇ ದೊಡ್ಡ ಅಂಗಡಿ.

ನಾನು ಹಾನಗಲ್ಲಿನವನು, ಹೆಸರು ಫಕ್ಕೀರಪ್ಪ. ಟೈಪ್‌ರೈಟರ್ ರಿಪೇರಿಯಿಂದ ಶುರುಮಾಡಿದ್ದರಿಂದ ಹಳಬರಿಗೆ ಇವತ್ತಿಗೂ ಟೈಪ್ ಫಕ್ಕೀರಪ್ಪ. ಆಮೇಲೆ ಹುಬ್ಬಳ್ಳಿಯ ಒಬ್ಬ ಡೀಲರರ ಕೈಕೆಳಗೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಪ್ರಿಂಟರುಗಳನ್ನು ನೋಡಿಕೊಂಡೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ಮನೆಗೆ ಬಂದು ಏನಾದರೂ ಹೇಳಿಕೊಡಿ ಎನ್ನುತ್ತಾರೆ. ಇವತ್ತಿನ ಚಿಪ್ಪುಗಳ ಬಗ್ಗೆ ನಾನು ಅವರಿಗೆ ಏನು ಹೇಳಲಿ? ಅವರೇ ನನಗೆ ಹೇಳಬೇಕು. ನನ್ನ ಹತ್ತಿರ ಇರುವುದು ಸಿಟ್ಟು ಮತ್ತು ಒಂದಿಷ್ಟು ತಪ್ಪುಗಳು. ಎರಡನ್ನೂ ಬರೆದಿಡುತ್ತೇನೆ.

ನಮಗೆ ತರಬೇತಿ ಎಂದರೆ ಒಂದು ಇಂಗ್ಲಿಷ್ ಪುಸ್ತಕ ಮತ್ತು ಒಂದು ಸ್ಕ್ರೂಡ್ರೈವರ್ ಸೆಟ್. ಚೀಲದಲ್ಲಿ ಸ್ಪಿರಿಟ್ ಬಾಟಲಿ, ಹರಿದ ಬನಿಯನ್ನಿನ ತುಂಡುಗಳು, ನಾಲ್ಕಾರು ರಿಬ್ಬನ್ನು. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಭತ್ತದ ಲಾರಿ. ನಮ್ಮ ಮ್ಯಾನೇಜರ್ ಸಾಹೇಬರಿಗೆ ಹುಬ್ಬಳ್ಳಿಯ ಕುರ್ಚಿ ಬಿಟ್ಟು ಬೇರೆ ಊರು ಗೊತ್ತಿರಲಿಲ್ಲ. ಮಾಸೂರಿಗೂ ತಿಳವಳ್ಳಿಗೂ ಒಂದೇ ದಿನ ಹೋಗಿ ಬಾ ಎಂದು ಫೋನಿನಲ್ಲಿ ಹೇಳಿ, ಬಸ್ಸು ತಪ್ಪಿದ್ದಕ್ಕೆ ನನ್ನಿಂದ ಕಾರಣ ಬರೆಸಿಕೊಳ್ಳುತ್ತಿದ್ದರು.

ಆಗ ಪ್ರಿಂಟರ್ ಎಂದರೆ ಡಾಟ್ ಮ್ಯಾಟ್ರಿಕ್ಸ್. ತಲೆಯಲ್ಲಿ ಸಣ್ಣ ಸೂಜಿಗಳು ಇರುತ್ತವೆ, ಅವು ರಿಬ್ಬನ್ನಿಗೆ ಹೊಡೆದಾಗ ಕಾಗದದ ಮೇಲೆ ಚುಕ್ಕಿ ಬೀಳುತ್ತದೆ, ಚುಕ್ಕಿ ಸೇರಿ ಅಕ್ಷರ. ಇಂಥ ಒಂದು ಪ್ರಿಂಟರಿನ ಸಲುವಾಗಿ ಹಿರೇಕೆರೂರಿನ ಕಡೆ ಒಂದು ಹೈಸ್ಕೂಲಿಗೆ ಹೋಗಿದ್ದೆ. ಪರೀಕ್ಷೆ ಹತ್ತಿರ ಬಂದಿತ್ತು. ಹೆಡ್‌ಮಾಸ್ತರರು ಪ್ರಿಂಟರಿನಿಂದ ರಿಬ್ಬನ್ ತೆಗೆದು ಪಕ್ಕಕ್ಕೆ ಇಟ್ಟು, ಮೇಣದ ಸ್ಟೆನ್ಸಿಲ್ ಹಾಳೆ ತೂರಿಸಿದ್ದರು. ನಾನು ಬೆಚ್ಚಿಬಿದ್ದು ರಿಬ್ಬನ್ ಕೈಗೆ ತೆಗೆದುಕೊಂಡೆ.

"ಏ, ಇಡೋ ಅದನ್ನ ಅಲ್ಲೆ!" ಎಂದರು ಮಾಸ್ತರರು. "ಮಸಿ ಬ್ಯಾಡ ನಂಗ, ಪೆಟ್ಟು ಬೇಕು. ಮೇಣಾ ಕೊರದು ಅಕ್ಷರ ತೂತು ಬೀಳಬೇಕು. ಆಮ್ಯಾಲ ಸೈಕ್ಲೋಸ್ಟೈಲ್ ಯಂತ್ರದಾಗ ಹಾಕಿ ನೂರು ಪ್ರತಿ ತಗೀತೇನಿ. ನೀ ಆ ಕಡೆ ಮುಖಾ ಮಾಡಿ ಕುಂದ್ರು, ಪ್ರಶ್ನಿ ಓದೀಗೀದಿ."

ಗೋಡೆಗೆ ಮುಖ ಮಾಡಿ ಅರ್ಧ ತಾಸು ಕುಳಿತೆ. ಪ್ರಿಂಟರಿಗೆ ಬರೆಯುವುದೊಂದೇ ಕೆಲಸವಲ್ಲ, ಚುಚ್ಚುವುದೂ ಒಂದು ಕೆಲಸ ಎಂದು ಅವತ್ತು ಕಲಿತೆ. ಕಲಿತದ್ದನ್ನು ಎಷ್ಟು ಚೆನ್ನಾಗಿ ಮರೆತೆ ಎಂಬುದು ಮುಂದೆ ಬರುತ್ತದೆ.

ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯ ವಿಷಯ ಹೇಳದಿದ್ದರೆ ನನ್ನ ಸಿಟ್ಟು ಅರ್ಧವೂ ತಿಳಿಯುವುದಿಲ್ಲ. ಅಲ್ಲಿ ಭತ್ತದ ಗಾಡಿ ತೂಗಿದ ಮೇಲೆ ಮೂರು ಪ್ರತಿಯ ಚೀಟಿ ಬರುತ್ತಿತ್ತು. ಒಂದು ರೈತನಿಗೆ, ಒಂದು ಗಾಡಿಯವನಿಗೆ, ಒಂದು ಗಿರಣಿಗೆ. ನಡುವೆ ಕಾರ್ಬನ್. ಸೂಜಿಯ ಒಂದೇ ಪೆಟ್ಟಿಗೆ ಮೂರೂ ಹಾಳೆಯ ಮೇಲೆ ತೂಕ ಮೂಡುತ್ತಿತ್ತು. ನಮ್ಮ ಸಾಹೇಬರು ಗಿರಣಿಯ ಮಾಲೀಕರಿಗೆ ಹೊಸ ಕಂಪ್ಯೂಟರಿನ ಜೊತೆ ಮಸಿ ಚಿಮ್ಮಿಸುವ ಹೊಸ ಪ್ರಿಂಟರ್ ಕಟ್ಟಿಬಿಟ್ಟರು. ಅದು ಕಾಗದವನ್ನು ಒತ್ತುವುದೇ ಇಲ್ಲ, ಕಾರ್ಬನ್ ಅದಕ್ಕೆ ಏನು ಲೆಕ್ಕ? ಸಾಹೇಬರನ್ನು ಕೇಳಿದರೆ, "ಮೂರು ಸಲ ಪ್ರಿಂಟ್ ಕೊಡು, ಮೂರು ಪ್ರತಿ ಆದ್ವು, ಅಷ್ಟ ಐತಿ" ಎಂದರು.

ಮರುದಿನವೇ ಗಿರಣಿಯ ಮುಂದೆ ಜಗಳ. ತಿಳವಳ್ಳಿ ಕಡೆಯ ಒಬ್ಬ ಮುದುಕ ಚೀಟಿಯನ್ನು ಮೇಜಿನ ಮೇಲೆ ಇಟ್ಟು ಹೇಳಿದ, "ಮೂರು ಸಲ ಬರದ್ರ ಮೂರು ಥರಾನೂ ಬರೀಬಹುದಲ್ರಿ? ಒಂದ ಪೆಟ್ಟಿಗೆ ಮೂರೂ ಮೂಡಿದ್ರ ನಂಬಿಗಿ. ನಂಗ ಹಳೇ ಚೀಟಿನ ಬೇಕು."

ಆ ಮುದುಕ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ನಮ್ಮ ಸಾಹೇಬರು ಎರಡು ಡಿಗ್ರಿ ಮಾಡಿದ್ದರು. ಪ್ರಿಂಟರ್ ಯಾಕೆ ಇದೆ ಎಂಬುದು ಮುದುಕನಿಗೆ ಗೊತ್ತಿತ್ತು. ಗೋದಾಮಿನಲ್ಲಿ ಚೀಲಗಳ ಕೆಳಗೆ ಬಿದ್ದಿದ್ದ ಹಳೆಯ ಪ್ರಿಂಟರನ್ನು ಎತ್ತಿ ತಂದೆ. ಒಳಗೆ ಇಲಿ ಗೂಡು ಕಟ್ಟಿ ಮರಿ ಹಾಕಿತ್ತು. ಹೊಸ ಕಂಪ್ಯೂಟರಿಗೆ ಅದನ್ನು ಜೋಡಿಸುವ ವೈರು, ಅಂದರೆ ಒಂದು ತುದಿ ಸಣ್ಣ ಯುಎಸ್‌ಬಿ, ಇನ್ನೊಂದು ತುದಿ ಹಳೆಯ ಅಗಲ ಬಾಯಿ, ಹುಬ್ಬಳ್ಳಿಯ ಸಂದಿಯೊಂದರಲ್ಲಿ ಹುಡುಕಿ ತಂದೆ. ಗಿರಣಿಯ ಹಳೆಯ ತೂಕದ ಪ್ರೋಗ್ರಾಮು ಹೊಸ ಕಂಪ್ಯೂಟರಿನಲ್ಲಿ ಏಳಲೇ ಇಲ್ಲ. ಹೊಸ ಕಂಪ್ಯೂಟರಿನ ಒಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕಿಸುವ ಪುಕ್ಕಟೆ ಪ್ರೋಗ್ರಾಮೊಂದು ಇದೆ ಎಂದು ಹುಡುಕಿ ಹುಡುಕಿ ತಿಳಿದುಕೊಂಡೆ. ಒಂದು ವಾರ ಹಿಡಿಯಿತು. ಕೊನೆಗೆ ಒಂದೇ ಪೆಟ್ಟಿಗೆ ಮೂರು ಪ್ರತಿ ಬಂದವು. ಮಾರಿದ ಮಾಲನ್ನು ವಾಪಸು ತರಿಸಿದ್ದಕ್ಕೆ ಸಾಹೇಬರು ನನಗೆ ಮೆಮೋ ಕೊಟ್ಟರು. ಆ ಮೆಮೋ ಇನ್ನೂ ನನ್ನ ಟ್ರಂಕಿನಲ್ಲಿದೆ, ಸನ್ಮಾನದ ಶಾಲಿನ ಕೆಳಗೆ.

ಇಷ್ಟೆಲ್ಲ ಹೇಳಿದ್ದರಿಂದ ನಾನು ಬಹಳ ಶಾಣ್ಯಾ ಎಂದು ನಿಮಗೆ ಅನ್ನಿಸಿರಬಹುದು. ನನಗೂ ಹಾಗೇ ಅನ್ನಿಸಿತ್ತು. ಆ ಜಂಬ ಇಳಿಸಿದವಳು ಸವಣೂರಿನ ಜೈತುನ್‌ಬಿ.

ನಿವೃತ್ತಿಯ ನಂತರ ಒಂದು ಸೋಮವಾರ ಬೆಳಿಗ್ಗೆ ಫೋನ್ ಬಂತು. "ಅಣ್ಣಾರ, ಅಕ್ಕಿಆಲೂರ ಗಿರಣಿ ಪ್ರಿಂಟರ್ ಜೋಡಿಸಿದವ್ರು ನೀವ ಏನ್ರಿ? ನಮ್ಮ ಹಳೇ ಕಂಪ್ಯೂಟರ್ ಸುಟ್ಟು ಹೋತ್ರಿ. ಹೊಸಾದು ತಂದೇವಿ. ಪ್ರಿಂಟರ್ ಸಪೋರ್ಟ್ ಇಲ್ಲ, ಗುಜರಿಗೆ ಹಾಕ್ರಿ ಅಂತಾರ ಅಂಗಡ್ಯಾಗ. ನಂಗ ಶುಕ್ರವಾರದೊಳಗ ಆ ಪ್ರಿಂಟರ್ ನಡೀಬೇಕ್ರಿ."

ಗುಜರಿ ಎಂಬ ಮಾತು ಕೇಳಿದ್ದೇ ತಡ, ಯಾತಕ್ಕೆ, ಏನು ಎಂದು ಒಂದೂ ಕೇಳದೆ ಚೀಲ ಹೆಗಲಿಗೆ ಹಾಕಿದೆ.

ಅವರದು ಉದ್ದನೆಯ ಹಳೆಯ ಮನೆ. ಮುಂದಿನ ಕೋಣೆಯಲ್ಲಿ ಮಂಚದಷ್ಟು ದೊಡ್ಡ ಕಟ್ಟಿಗೆಯ ಚೌಕಟ್ಟಿಗೆ ಕೆಂಪು ಬಟ್ಟೆ ಬಿಗಿದಿತ್ತು. ಜೈತುನ್‌ಬಿ ಮತ್ತು ಅವಳ ನಾದಿನಿ ಅದರ ಮೇಲೆ ಜರಿಯ ಕಸೂತಿ ಹಾಕುತ್ತಾರೆ. ಜೈತುನ್‌ಬಿಗೆ ಐವತ್ತರ ಹತ್ತಿರ ವಯಸ್ಸು. ಒಳಗೆ ಗಿರಾಕಿಗಳು ಕೂತಿದ್ದರು. "ಪ್ರಿಂಟರ್ ಅಲ್ಲೈತ್ರಿ, ಕಂಪ್ಯೂಟರ್ ಇಲ್ಲೈತ್ರಿ. ಮಂದಿ ಬಂದಾರ, ಒಂದ್ ತಾಸಿಗೆ ಬರ್ತೇನಿ" ಎಂದಳು.

ನಾನು ಕೇಳಿದೆ, "ಕಂಪ್ಯೂಟರ್ ಗೊತ್ತಿದ್ದ ಗಂಡಸ್ರು ಮನ್ಯಾಗ ಯಾರರ ಅದಾರೇನ ತಂಗಿ?"

"ನಾನ ಅದೇನಲ್ರಿ" ಎಂದು ನಕ್ಕು ಒಳಗೆ ಹೋದಳು. ಆ ಮಾತಿನ ಅರ್ಥ ನನ್ನ ತಲೆಗೆ ಹೋಗಲಿಲ್ಲ.

ಪ್ರಿಂಟರಿನ ಮುಚ್ಚಳ ತೆಗೆದೆ. ಅಗಲ ಮೈಯ ಹಳೆಯ ಡಾಟ್ ಮ್ಯಾಟ್ರಿಕ್ಸ್, ಗಟ್ಟಿ ಯಂತ್ರ. ಆದರೆ ಒಳಗೆ ರಿಬ್ಬನ್ ಇಲ್ಲ. ಕಾಗದ ಸುತ್ತುವ ರಬ್ಬರ್ ಉರುಳೆಗೆ ಯಾರೋ ಕಂದು ಬಣ್ಣದ ಉಣ್ಣೆಯ ನಮ್ದಾ ಸುತ್ತಿ ಗೋಂದು ಹಚ್ಚಿದ್ದಾರೆ! ಕುದುರೆಯ ಜೀನಿನ ಕೆಳಗೆ ಹಾಕುತ್ತಾರಲ್ಲ, ಅಂಥ ಒತ್ತಿ ಮಾಡಿದ ಉಣ್ಣೆ. ನನಗೆ ನೆತ್ತಿಗೇರಿತು. ಇದು ಅಂಗಡಿಯವನದೇ ಕಿತಾಪತಿ ಎಂದುಕೊಂಡೆ. ಗುಜರಿಗೆ ಹಾಕಿಸುವ ಮೊದಲು ರಿಬ್ಬನ್ ಕದ್ದು, ಉರುಳೆಗೆ ಗೋಣಿ ಸುತ್ತಿ ಕೆಡಿಸಿದ್ದಾನೆ! ಬಾಯಿಗೆ ಬಂದದ್ದನ್ನು ಬೈಯುತ್ತ ಬ್ಲೇಡಿನಿಂದ ಆ ನಮ್ದಾ ಕೊಯ್ದೆ. ಚೂರು ಚೂರಾಗಿ ಬಂತು. ಸ್ಪಿರಿಟಿನಿಂದ ಗೋಂದು ಒರೆಸಿದೆ. ಚೀಲದಲ್ಲಿದ್ದ ಹೊಸ ರಿಬ್ಬನ್ ಹಾಕಿದೆ. ವೈರು ಜೋಡಿಸಿದೆ. ಮುಕ್ಕಾಲು ತಾಸಿನಲ್ಲಿ ಪರೀಕ್ಷೆಯ ಹಾಳೆ ಹೊರಬಂತು, ಕಪ್ಪಗೆ, ಕಾಡಿಗೆ ತೀಡಿದ ಹಾಗೆ. ಅಂಗಡಿಯವನನ್ನು ಕರೆದು ತೋರಿಸಬೇಕು ಎಂದುಕೊಂಡೆ.

ಚಹಾದ ಬಟ್ಟಲು ಹಿಡಿದು ಬಂದ ಜೈತುನ್‌ಬಿ ಹಾಳೆಯನ್ನು ನೋಡಿದಳು. ನೆಲದ ಮೇಲಿನ ಉಣ್ಣೆಯ ಚೂರುಗಳನ್ನು ನೋಡಿದಳು. ಬಟ್ಟಲನ್ನು ಕುರ್ಚಿಯ ಮೇಲೆ ಇಟ್ಟಳು.

"ಯಾ ಅಲ್ಲಾ! ಏನ್ ಮಾಡೀರಿ ಅಣ್ಣಾರ? ಅದನ್ನ ಯಾಕ ಕೊಯ್ದ್ರಿ?"

"ರಿಪೇರಿ ಮಾಡೇನಿ ತಂಗಿ. ನೋಡು, ಅಕ್ಷರ ಹೆಂಗ ಬಂದಾವು."

"ಅಕ್ಷರ ಯಾರಿಗೆ ಬೇಕಾಗೇತ್ರಿ? ಅಕ್ಷರ ಬೇಕು ಅಂತ ನಾ ಹೇಳಿದ್ನೇನ್ರಿ? ಒಂದ್ ಮಾತು ಕೇಳಬೇಕಿಲ್ಲೋ ನೀವು? ಜೋಡಿಸಿ ಕೊಡ್ರಿ ಅಂದೆ. ಕೊಯ್ರಿ ಅಂದಿಲ್ಲ!" ನಾದಿನಿ ಒಳಗಿನಿಂದ ಓಡಿ ಬಂದು ಬಾಗಿಲಲ್ಲೇ ನಿಂತಳು.

ಆಮೇಲೆ ಅವಳು ಅಟ್ಟದ ಮೇಲಿಂದ, ಹಿಂದಿನ ಗಿರಾಕಿಗೆ ಮಾಡಿದ ಒಂದು ಹಳೆಯ ಸುರುಳಿ ತೆಗೆದು ಬಿಚ್ಚಿದಳು. ತೆಳ್ಳನೆಯ ಬಟರ್ ಪೇಪರ್. ಮೇಲೆ ಏನೂ ಕಾಣಲಿಲ್ಲ. ಕಿಟಕಿಗೆ ಹಿಡಿದಳು. ಸಾವಿರಾರು ಸಣ್ಣ ತೂತುಗಳಲ್ಲಿ ಬೆಳಕು ಹಾಯ್ದು, ವೀಳ್ಯದೆಲೆಯ ಬಳ್ಳಿ, ನಡುನಡುವೆ ಸವಣೂರಿನ ದೊಡ್ಡ ಹುಣಸೆಮರದ, ಅಂದರೆ ಬಾವೋಬಾಬ್ ಮರದ, ಐದು ಬೆರಳಿನ ಎಲೆ, ಎರಡೂವರೆ ಮೀಟರ್ ಉದ್ದಕ್ಕೆ ಎಲ್ಲೂ ಕಡಿಯದೆ ಹರಿದಿತ್ತು. ಇದಕ್ಕೆ ಖಾಕಾ ಎನ್ನುತ್ತಾರೆ. ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಅರಿವೆಯ ಉಂಡೆಯಿಂದ ತಿಕ್ಕಿದರೆ, ತೂತಿನ ಮೂಲಕ ಚಿತ್ತಾರ ಬಟ್ಟೆಗೆ ಇಳಿಯುತ್ತದೆ. ಅದರ ಗುಂಟ ಜರಿ ಹೊಲಿಯುವುದು.

ಮೊದಲು ಅವಳು ಖಾಕಾವನ್ನು ಕೈಯಲ್ಲೇ ಸೂಜಿಯಿಂದ ಚುಚ್ಚುತ್ತಿದ್ದಳಂತೆ. ಬಲಗೈ ಹೆಬ್ಬೆರಳಿನ ಗಂಟು ಬಾತು ಸೂಜಿ ಹಿಡಿಯಲು ಆಗದ ಮೇಲೆ, ಗುಜರಿಯಿಂದ ಈ ಪ್ರಿಂಟರ್ ತಂದು, ರಿಬ್ಬನ್ ತೆಗೆದು, ಉರುಳೆಗೆ ಮೆತ್ತನೆ ನಮ್ದಾ ಸುತ್ತಿ, ಸೂಜಿ ಆಳಕ್ಕೆ ಇಳಿಯುವಂತೆ ಮಾಡಿಕೊಂಡಿದ್ದಾಳೆ. ನಮ್ದಾ ಅವಳ ಅಪ್ಪನ ಟಾಂಗಾ ಕುದುರೆಯದು. ಬಟರ್ ಪೇಪರಿಗೆ ಪ್ರಿಂಟರಿನ ಹಲ್ಲು ಹಿಡಿದು ಎಳೆಯುವ ಅಂಚಿನ ತೂತು ಇರುವುದಿಲ್ಲ ನೋಡಿ, ಅದಕ್ಕೆ ಕಚೇರಿಗಳಲ್ಲಿ ಉದ್ದ ಕಾಗದದಿಂದ ಹರಿದು ಬಿಸಾಡುವ ತೂತಿನ ಪಟ್ಟಿಗಳನ್ನು ಆರಿಸಿ ತಂದು ಎರಡೂ ಬದಿಗೆ ಅಂಟಿಸುತ್ತಾಳೆ. ರಿಬ್ಬನ್ನಿನ ಎಣ್ಣೆ ಇಲ್ಲದೆ ಸೂಜಿ ಸವೆಯಬಾರದೆಂದು ದಿನಾ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಒರೆಸುತ್ತಾಳೆ. ನಾನು ಇಷ್ಟು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಇಟ್ಟ ಪ್ರಿಂಟರ್ ನೋಡಿರಲಿಲ್ಲ, ಮತ್ತು ಅದನ್ನೇ ಕೊಯ್ದು ಹಾಕಿದ್ದೆ.

"ಶಿಗ್ಗಾವಿಯಿಂದ ಶುಕ್ರವಾರ ಮದುವಿ ಮನಿಯವ್ರು ಬರ್ತಾರ್ರಿ" ಎಂದಳು. "ಹೊಸಾ ಖಾಕಾ ನೋಡಿ, ದುಪಟ್ಟಾದ ಕೆಲಸ ಯಾರಿಗೆ ಕೊಡಬೇಕಂತ ಹೇಳ್ತಾರ. ಖಾಕಾ ಇಲ್ಲಂದ್ರ ಹುಬ್ಬಳ್ಳಿ ವ್ಯಾಪಾರಿಗೆ ಹೋಗತೈತಿ. ನಾ ಮತ್ತ ಅಂವಾ ಕೊಟ್ಟ ಚಿತ್ತಾರಕ್ಕ ಕೂಲಿ ಹೊಲೀಬೇಕು. ಹನ್ನೆರಡು ವರ್ಷ ಹೊಲದೇನಿ ಹಂಗ. ನಾ ಬರದ ಬಳ್ಳಿನೂ ಅಂವಾ ತನ್ನದು ಅಂತ ಮಾರ್ಯಾನ."

ಹೊಸ ಪ್ರಿಂಟರಿನಲ್ಲಿ ಆಗುವುದಿಲ್ಲವೇ ಎಂದು ಕೇಳಲಿಲ್ಲ. ಅದು ಚುಚ್ಚುವುದಿಲ್ಲ, ಗೇಣುದ್ದದ ಹಾಳೆ ಬಿಟ್ಟು ಹೆಚ್ಚು ನುಂಗುವುದೂ ಇಲ್ಲ. ತುಂಡು ತುಂಡು ಅಂಟಿಸಿದರೆ ಬಳ್ಳಿ ಕೂಡಿದಲ್ಲೆಲ್ಲ ಮುರಿಯುತ್ತದೆ.

ಹಿರೇಕೆರೂರಿನ ಹೆಡ್‌ಮಾಸ್ತರರು ನೆನಪಾದರು. ಮಸಿ ಬೇಡ, ಪೆಟ್ಟು ಬೇಕು ಎಂದು ಅವರು ಬೈದು ಕಲಿಸಿದ್ದನ್ನು, ಉಣ್ಣುವ ತಾಟಿನಷ್ಟು ಹತ್ತಿರ ಕಂಡರೂ ಗುರುತಿಸಲಿಲ್ಲ. ಅಂಗಡಿಯವನಿಗೂ ನನಗೂ ಏನು ಫರಕು? ಅವನು ಕೇಳದೆ ಬಿಸಾಡಿ ಎಂದ, ನಾನು ಕೇಳದೆ ಕೊಯ್ದೆ. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ. ಅವಳು ಚಹಾ ಕುಡಿಯಿರಿ ಎನ್ನಲಿಲ್ಲ. ನಾನೂ ಮುಟ್ಟಲಿಲ್ಲ.

ಹಾನಗಲ್ಲಿಗೆ ಬರುವ ಬಸ್ಸಿನಲ್ಲಿ ಒಂದೇ ಯೋಚನೆ, ನಮ್ದಾ ಎಲ್ಲಿ ಸಿಗುತ್ತದೆ? ಟಾಂಗಾ ಹೋದವು, ಜೀನು ಹೊಲಿಯುವವರೂ ಹೋದರು. ಮನೆಗೆ ಬಂದು ಚಪ್ಪಲಿ ಬಿಡುವಾಗ ಕಣ್ಣಿಗೆ ಬಿತ್ತು. ನನ್ನ ಮೊದಲ ಟೈಪ್‌ರೈಟರ್ ಮೂಲೆಯಲ್ಲಿ ಕೂತಿದೆ, ಅದರ ಅಡಿಗೆ ಸದ್ದು ತಡೆಯಲು ಹಾಕುವ ದಪ್ಪ ಉಣ್ಣೆಯ ಹಾಸು ಇದೆ. ಆ ಹಾಸು ನನಗೆ ಕೆಲಸ ಕಲಿಸಿದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಾಸ್ತರರು ಕೊಟ್ಟದ್ದು, ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಚಪ್ಪಲಿ ಹೊಲಿಯುವವನ ಹತ್ತಿರ ಕೂತು, ಚರ್ಮ ಹೆರೆಯುವ ಉಳಿಯಿಂದ ಅದನ್ನು ತೆಳ್ಳಗೆ ಸೀಳಿಸಿದೆ. ಅವನು ಮೊದಲು ಕೇಳಿದ್ದು, "ಯಾತಕ್ಕ ಬೇಕ್ರಿ ಇದು? ಹೇಳಿದ್ರ ದಪ್ಪಾ ಎಷ್ಟು ಇಡಬೇಕು ಅಂತ ತಿಳೀತೈತಿ." ಕೆನ್ನೆಗೆ ಹೊಡೆದ ಹಾಗಾಯಿತು.

ಮಂಗಳವಾರ ಮಧ್ಯಾಹ್ನ ಉರುಳೆಗೆ ಹೊಸ ಉಣ್ಣೆ ಸುತ್ತಿದೆವು. ರಿಬ್ಬನ್ ತೆಗೆದೆ. ಚಿತ್ತಾರವನ್ನು ಹೊಸ ಕಂಪ್ಯೂಟರಿನಿಂದ ಮಾಮೂಲಿ ಫೋಟೋ ಕಳಿಸಿದ ಹಾಗೆ ಕಳಿಸಿದೆ. ಕಾಗದದ ಮೇಲೆ ಉಬ್ಬು ಬಂತು, ತೂತು ಬೀಳಲಿಲ್ಲ. ಹೊಸ ಕಂಪ್ಯೂಟರ್ ಒಂದು ಚುಕ್ಕಿಗೆ ಒಂದೇ ಪೆಟ್ಟು ಹೊಡೆಸುತ್ತದೆ.

"ನನ್ನ ಪ್ರೋಗ್ರಾಮು ಒಂದ್ ಚುಕ್ಕಿಗೆ ಮೂರು ಪೆಟ್ಟು ಹೊಡೀತೈತ್ರಿ" ಎಂದಳು ಜೈತುನ್‌ಬಿ. ಪೆನ್‌ಡ್ರೈವಿನಲ್ಲಿ ಅದನ್ನು ಇಟ್ಟುಕೊಂಡಿದ್ದಳು.

"ಆ ಪ್ರೋಗ್ರಾಮು ಬರದವ್ರು ಯಾರು? ಅವರಿಗೊಂದು ಫೋನ್ ಹಚ್ಚು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಎರಡು ಸಲ ಕೇಳೀರಿ ಅಣ್ಣಾರ. ನಾನ ಬರದದ್ದು. ಇಲ್ಲೆ ಬಸ್‌ಸ್ಟ್ಯಾಂಡ್ ಕಡೆ ಕಂಪ್ಯೂಟರ್ ಕ್ಲಾಸ್ ಇತ್ತಲ್ರಿ, ಮದುವಿಗಿಂತ ಮೊದ್ಲ ಅಲ್ಲೆ ಬೇಸಿಕ್ ಅನ್ನೋ ಪ್ರೋಗ್ರಾಮಿನ ಭಾಷಾ ಕಲತೇನಿ. ಹದಿನೆಂಟು ಮಂದ್ಯಾಗ ನಾನೊಬ್ಬಾಕಿ ಹುಡುಗಿ."

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕುರ್ಚಿ ಬಿಟ್ಟು ಎದ್ದು ಅವಳಿಗೆ ಕೊಟ್ಟು, ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತೆ. ಗಿರಣಿಯಲ್ಲಿ ಕಲಿತ ಆ ವೇಷದ ಪ್ರೋಗ್ರಾಮು ಹಾಕಿಕೊಟ್ಟೆ. ಅದರೊಳಗೆ ಅವಳ ಪ್ರೋಗ್ರಾಮು ಎದ್ದಿತು, ಆದರೆ ಪ್ರಿಂಟರ್ ಮಿಸುಕಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಪ್ರಿಂಟರಿನ ಬಾಗಿಲಿಗೆ ಎಲ್‌ಪಿಟಿ-ಒನ್ ಎಂದು ಹೆಸರು. ಹೊಸದರಲ್ಲಿ ಆ ಬಾಗಿಲೇ ಇಲ್ಲ, ಅವಳ ಪ್ರೋಗ್ರಾಮು ಗೋಡೆಯನ್ನು ತಟ್ಟುತ್ತಿದೆ. ಗಿರಣಿಯ ಚೀಟಿಯ ಬರೀ ಅಕ್ಷರವನ್ನು ವೇಷದ ಪ್ರೋಗ್ರಾಮು ಹೇಗೋ ದಾಟಿಸಿತ್ತು, ಚಿತ್ತಾರದ ಪೆಟ್ಟು ದಾಟಿಸಲು ಅದಕ್ಕೆ ಬರಲಿಲ್ಲ. ಬುಧವಾರ ಸಂಜೆಯವರೆಗೆ ನಾನು ಏನೇನೋ ಮಾಡಿದೆ, ಒಂದೂ ಹತ್ತಲಿಲ್ಲ. ಸಪೋರ್ಟ್ ಇಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು, ನಿಜ ಹೇಳುತ್ತೇನೆ.

ಗುರುವಾರ ಅವಳೇ ಕೇಳಿದಳು, "ಅಣ್ಣಾರ, ಬಾಗಲಾ ಇಲ್ಲಂದ್ರ ಬಿಡ್ರಿ. ಪ್ರೋಗ್ರಾಮಿನ್ಯಾಗ ಆ ಬಾಗಲದ ಹೆಸರು ಇದ್ದಲ್ಲೆ ಒಂದ್ ಫೈಲಿನ ಹೆಸರು ಬರೀತೇನಿ. ಪೆಟ್ಟೆಲ್ಲಾ ಫೈಲಿನ್ಯಾಗ ಹೋಗಿ ಕುಂದರ್ತಾವು. ಆ ಫೈಲ್ ಇದ್ದದ್ದು ಇದ್ದಂಗ ಪ್ರಿಂಟರಿಗೆ ಸುರಿಯಾಕ ಬರತೈತೇನ್ರಿ?"

ಬರುತ್ತದೆ! ಪ್ರಿಂಟರನ್ನು ಶೇರ್ ಮಾಡಿ ಅದಕ್ಕೊಂದು ಹೆಸರು ಕೊಟ್ಟು, ಫೈಲನ್ನು ಆ ಹೆಸರಿಗೆ ನೇರ ಕಾಪಿ ಮಾಡಿದರೆ ಕಂಪ್ಯೂಟರ್ ನಡುವೆ ಬಾಯಿ ಹಾಕುವುದಿಲ್ಲ. ಅದು ನನಗೆ ಗೊತ್ತಿತ್ತು, ಹೊಳೆದಿರಲಿಲ್ಲ. ಅವಳು ಒಂದು ಸಾಲು ಬದಲಿಸಿದಳು. ನಾನು ಒಂದು ಸಾಲು ಬರೆದೆ. ಪ್ರಿಂಟರಿನ ತಲೆ ಅತ್ತಿಂದಿತ್ತ ಓಡತೊಡಗಿತು, ಚುಕ್ಕಿಗೆ ಮೂರು ಪೆಟ್ಟು. ಗೇಣಿನಷ್ಟು ಕಾಗದ ಹೊರಬಂದಾಗ ಅವಳು ಕಿಟಕಿಯ ಕಡೆ ತಿರುಗಿಸಿ ಹಿಡಿದಳು. ಮೊದಲ ವೀಳ್ಯದೆಲೆಯಲ್ಲಿ ಬೆಳಕು ಬಂತು. ನನ್ನ ಕಣ್ಣು ತುಂಬಿದವು, ಅದನ್ನು ಮುಚ್ಚಿಡುವುದೇಕೆ?

ಶುಕ್ರವಾರ ನಾನು ಮತ್ತೆ ಹೋದೆ, ಕೊನೇ ಗಳಿಗೆಯಲ್ಲಿ ಏನಾದರೂ ಕೆಟ್ಟರೆ ಇರಲಿ ಎಂದು. ಶಿಗ್ಗಾವಿಯ ಮದುಮಗಳ ತಾಯಿ ಖಾಕಾದ ಈ ತುದಿಯಿಂದ ಆ ತುದಿಗೆ ಬೆರಳು ಎಳೆಯುತ್ತ ಹೋದರು, ಎಲ್ಲಿ ಜೋಡಿಸಿದ್ದಾರೆ ಎಂದು ಹುಡುಕುತ್ತ. ಎಲ್ಲೂ ಸಿಗಲಿಲ್ಲ. "ಇದನ್ನ ಹಾಕ್ರಿ, ಬೇರೆ ಕಡೆ ಹೋಗಾಂಗಿಲ್ಲ ನಾವು" ಎಂದರು. ನಾದಿನಿ ಒಳಗೆ ಹೋಗಿ ನನಗೆ ಚಹಾ ತಂದಳು. ಈ ಸಲ ಕುಡಿದೆ.

ಹೊರಡುವ ಮೊದಲು ಉರುಳೆ ಒಮ್ಮೆ ನೋಡೋಣ ಎಂದು ಪ್ರಿಂಟರಿನ ಮುಚ್ಚಳಕ್ಕೆ ಕೈ ಹಾಕಿದೆ. ಮುಚ್ಚಳದ ಮೇಲೆ ಹೊಸದಾಗಿ ಒಂದು ಚೀಟಿ ಅಂಟಿಸಿದ್ದಳು, ದೊಡ್ಡ ಅಕ್ಷರದಲ್ಲಿ: ಮುಟ್ಟುವುದಕ್ಕಿಂತ ಮೊದಲು ಕೇಳಿರಿ.

"ನಿಮಗಂತ ಅಲ್ರಿ ಅಣ್ಣಾರ, ಎಲ್ಲಾರಿಗೂ" ಎಂದಳು ಜೈತುನ್‌ಬಿ, ನಗು ತಡೆದುಕೊಂಡು.

ನನಗೇ ಎಂದು ಇಬ್ಬರಿಗೂ ಗೊತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. "ತಂಗಿ, ಇದನ್ನ ಸ್ವಲ್ಪ ತಗದು ನೋಡ್ಲೇನ?" ಎಂದು ಕೇಳಿದೆ.

"ಹಾಂ, ಈಗ ನೋಡ್ರಿ" ಎಂದಳು.